ಸಿದ್ಧಗಂಗಾ ಮಠದ ದಾಸೋಹದಲ್ಲಿ ಊಟ

ಮೊನ್ನೆ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಊಟ ಮಾಡಿದೆ. ಬಿಸಿ ಮುದ್ದೆ, ಸಾರು, ಅನ್ನ, ಮಜ್ಜಿಗೆ, ಅಷ್ಟೇ. ಸಾರಿಗೆ ಖಾರ ಕಮ್ಮಿ, ಮಕ್ಕಳೂ ಉಣ್ಣಬೇಕಲ್ವಾ, ಆದರೆ ರುಚಿಗೆ ಮೋಸವಿಲ್ಲ. ಯಾವ ಜಾತಿ, ಯಾವ ಊರು ಅಂತ ಯಾರೂ ಕೇಳಲಿಲ್ಲ, ದುಡ್ಡೂ ಕೇಳಲಿಲ್ಲ. ನಾನು ಸಾಕು ಅನ್ನುವಷ್ಟರಲ್ಲಿ ಬಡಿಸುವ ಹುಡುಗ ಮುದ್ದೆಯ ಗುಳಿಗೆ ಇನ್ನೊಂದು ಸೌಟು ಸಾರು ಸುರಿದು, "ಉಣ್ಣಿ ಅಣ್ಣ" ಅಂದ.

1930ರಲ್ಲಿ ದೀಕ್ಷೆ ಪಡೆದ ಶಿವಕುಮಾರ ಸ್ವಾಮೀಜಿ, ದವಸಕ್ಕೇ ಕಷ್ಟವಿದ್ದ ದಿನಗಳಲ್ಲಿ ಹಳ್ಳಿ ಹಳ್ಳಿ ಸುತ್ತಿ ಭಿಕ್ಷೆ ತಂದು, ನಾಳೆಯದನ್ನು ಶಿವನಿಗೇ ಬಿಟ್ಟು, ಬಂದ ಮಕ್ಕಳಿಗೆಲ್ಲ ಉಣ್ಣಲು ಹಾಕಿದರು. ಈಗ ಅಲ್ಲಿ ಸಾವಿರಾರು ಮಕ್ಕಳು ಉಂಡು ಓದುತ್ತಾರೆ. ನನಗಂತೂ ಕಣ್ಣು ತುಂಬಿ ಬಂತು.

ಸುಮ್ನೆ ಬರಿಗೈಲಿ ಹೋಗಬೇಡಿ, ಕೈಲಾದಷ್ಟು ರಾಗಿಯೋ ಅಕ್ಕಿಯೋ ಒಯ್ಯಿರಿ.