ಊರವರ ಪೆನ್‌ಡ್ರೈವ್, ನನ್ನ ವಿಎಲ್‌ಸಿ

ಮಂಗಳೂರು ಸುತ್ತಮುತ್ತ ಮದುವೆ, ಮೆಹಂದಿ, ರೋಸ್‌ಗಳಿಗೆ (ಇಲ್ಲಿನ ಕ್ಯಾಥೊಲಿಕರು ಮದುವೆಗೆ ಮೊದಲು ಮಾಡುವ ಶಾಸ್ತ್ರ) ಎಲ್‌ಇಡಿ ವಾಲ್ ಹಾಕುವುದು ನನ್ನ ಕೆಲಸ. ವಾಲ್ ಬಾಡಿಗೆಯದ್ದು, ಲ್ಯಾಪ್‌ಟಾಪ್ ನನ್ನದು, ಅದರಲ್ಲಿ ವಿಡಿಯೋ ಓಡಿಸುವ ಪ್ಲೇಯರ್ ವಿಎಲ್‌ಸಿ. ಹನ್ನೊಂದು ವರ್ಷದಿಂದ ಬಳಸುತ್ತಿದ್ದೇನೆ. ದುಡ್ಡು ಕೊಟ್ಟು ತಂದದ್ದಲ್ಲ, ಹಾಗಾಗಿ ರಿವ್ಯೂ ಬರೆಯಬೇಕು ಅಂತ ಯಾವತ್ತೂ ಅನ್ನಿಸಿರಲಿಲ್ಲ. 2024ರ ಡಿಸೆಂಬರ್ 27ರ ರಾತ್ರಿ ನನ್ನ ಮಾನ ಹೋದ ಮೇಲೆ ಅನ್ನಿಸಿತು.

ಬೊಂದೇಲ್ ಹತ್ತಿರ ಒಂದು ರೋಸ್. ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಆಗಿತ್ತು. ಬೈಲಾ ಕುಣಿತ ಶುರುವಾಗುವ ಮೊದಲು ಅವಳ ಬಾಲ್ಯದ ವಿಡಿಯೋ ಹಾಕಬೇಕಿತ್ತು. ಅದೇ ದಿನ ದುಬೈಯಿಂದ ಬಂದಿಳಿದ ಅವಳ ತಮ್ಮ ಪೆನ್‌ಡ್ರೈವ್ ತಂದು ಕೈಗಿಟ್ಟ. "ಅಣ್ಣಾ, ಇದೊಂದು ಹಾಕಿ, ಐದೇ ನಿಮಿಷ." ಹಾಕಿದೆ. ಒಂದು ನಿಮಿಷ ಚೆನ್ನಾಗಿಯೇ ಓಡಿತು. ಬಿಳಿ ಫ್ರಾಕ್ ಹಾಕಿದ ಹುಡುಗಿ ಕ್ಯಾಮೆರಾ ಕಡೆ ತಿರುಗಿದಳು, ಮುಖ ಹಸಿರು ಚೌಕಗಳಾಯಿತು, ಪ್ಲೇಯರ್ ತಾನಾಗಿ ಮುಚ್ಚಿಕೊಂಡಿತು. ಅವಸರದಲ್ಲಿ ಸ್ಕ್ರೀನನ್ನು ಡೂಪ್ಲಿಕೇಟ್‌ನಲ್ಲೇ ಬಿಟ್ಟಿದ್ದೆ, ಅಂದರೆ ಲ್ಯಾಪ್‌ಟಾಪ್‌ನಲ್ಲಿ ಕಂಡದ್ದೇ ವಾಲ್ ಮೇಲೂ ಕಾಣುವ ಹಾಗೆ. ಹನ್ನೆರಡು ಅಡಿ ಅಗಲದ ವಾಲ್ ಮೇಲೆ ನನ್ನ ಡೆಸ್ಕ್‌ಟಾಪ್ ಬಂತು. "ಸೊಸೈಟಿ ಲೋನ್ ಬಾಕಿ" ಅನ್ನುವ ಫೋಲ್ಡರ್ ಸಮೇತ. ಗಾಬರಿಯಲ್ಲಿ ವಿಎಲ್‌ಸಿ ಮತ್ತೆ ತೆರೆದರೆ ಆ ಕಿತ್ತಳೆ ಬಣ್ಣದ ಕೋನ್ ಕಾಣಿಸಿತು, ಕ್ರಿಸ್ಮಸ್ ಸಮಯ ಅಲ್ವಾ, ತಲೆಗೆ ಸಾಂತಾ ಟೋಪಿ ಬೇರೆ. ಮಕ್ಕಳು ಚಪ್ಪಾಳೆ ಹೊಡೆದರು. ಮದುಮಗಳ ತಂದೆ ಮಾತ್ರ ಹೊಡೆಯಲಿಲ್ಲ.

ಮನೆಗೆ ಬಂದು ಹೆಲ್ಪ್ ಮೆನುವಿನಲ್ಲಿ ಅಬೌಟ್ ಒತ್ತಿ ನೋಡಿದೆ. ವರ್ಷನ್ 2.2.4, ಅಡ್ಡಹೆಸರು ವೆದರ್‌ವ್ಯಾಕ್ಸ್. 2016ರ ಸರಕು! ಎಂಟು ವರ್ಷ ಹಳೆಯ ಪ್ಲೇಯರ್‌ನಲ್ಲಿ ನಾನು ಊರವರ ಪೆನ್‌ಡ್ರೈವ್ ಎಲ್ಲ ತೆರೆಯುತ್ತಿದ್ದೆ.

ಇದು ಹೇಗೆ ಬಂತು ಅಂತ ಹೇಳಬೇಕು. 2022ರಲ್ಲಿ ವಿಎಲ್‌ಸಿ ಮಾಡುವ ವಿಡಿಯೋಲ್ಯಾನ್ ಸಂಸ್ಥೆಯ ವೆಬ್‌ಸೈಟ್ ನಮ್ಮ ದೇಶದಲ್ಲಿ ಬ್ಲಾಕ್ ಆಗಿತ್ತು, ನೆನಪಿದೆಯಾ? ಫೆಬ್ರವರಿಯಿಂದ ನವೆಂಬರ್‌ವರೆಗೆ. ಇಂಟರ್ನೆಟ್ ಬಳಸುವವರ ಹಕ್ಕಿಗಾಗಿ ಹೋರಾಡುವ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಅವರು ಲೀಗಲ್ ನೋಟಿಸ್ ಕೊಟ್ಟ ಮೇಲೆ ತೆರೆಯಿತು. ಆ ಮಳೆಗಾಲದಲ್ಲೇ ನಾನು ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡಿದ್ದೆ. ಅಸಲಿ ಸೈಟ್ ತೆರೆಯಲಿಲ್ಲ. ಹುಡುಕಿದಾಗ ಮೇಲೆಯೇ ಬಂದ ಯಾವುದೋ ಸೈಟಿನಿಂದ ಇಳಿಸಿಕೊಂಡೆ. ಕೋನ್ ಅದೇ, ಹೆಸರು ಅದೇ. ಮರುದಿನದಿಂದ ಬ್ರೌಸರ್ ತೆರೆದರೆ ಸಾಕು, ಇಸ್ಪೀಟಿನ ಜಾಹೀರಾತು. ಹಂಪನಕಟ್ಟೆಯ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಆರುನೂರು ರೂಪಾಯಿ ತೆಗೆದುಕೊಂಡು ಫಾರ್ಮ್ಯಾಟ್ ಮಾಡಿ, "ಎಲ್ಲ ಹಾಕಿದ್ದೇನೆ ಅಣ್ಣ" ಅಂತ ವಾಪಸ್ ಕೊಟ್ಟರು. ಎಲ್ಲ ಹಾಕಿದ್ದು ತಮ್ಮ ಹಳೇ ಪೆನ್‌ಡ್ರೈವ್‌ನಿಂದ. ಅದರಲ್ಲಿದ್ದ ವಿಎಲ್‌ಸಿ 2016ರದ್ದು.

ನನ್ನ ತಪ್ಪೂ ಉಂಟು. ಹೊಸ ವರ್ಷನ್ ಬಂದಿದೆ ಅನ್ನುವ ಪೆಟ್ಟಿಗೆ ಒಮ್ಮೆ ಕಾರ್ಯಕ್ರಮದ ಮಧ್ಯೆ ವಾಲ್ ಮೇಲೆ ಬಂತು. ಅಂದೇ ಆ ಸೆಟ್ಟಿಂಗ್ ಬಂದ್ ಮಾಡಿದ್ದೆ. ಮತ್ತೆ ಮುಟ್ಟಲಿಲ್ಲ.

ಆ ತಮ್ಮನ ಫೈಲ್‌ನಲ್ಲಿ ವೈರಸ್ ಇರಲಿಲ್ಲ. ಕಾಪಿ ಆಗುವಾಗ ಕೆಟ್ಟಿತ್ತು, ಅಷ್ಟೇ. ಆದರೆ ಕೆಟ್ಟ ಫೈಲ್ ಪ್ಲೇಯರನ್ನೇ ಬೀಳಿಸುತ್ತದೆ ಅಂದರೆ, ಬೇಕೆಂದೇ ಕೆಡಿಸಿದ ಫೈಲ್ ಇನ್ನೇನು ಮಾಡೀತು? ನನಗೆ ತಿಳಿದ ಭಾಷೆಯಲ್ಲಿ ಹೇಳುತ್ತೇನೆ. ವಿಡಿಯೋ ಫೈಲ್ ಒಳಗೆ ಸಣ್ಣ ಸಣ್ಣ ಡಬ್ಬಿಗಳು. ಪ್ರತಿ ಡಬ್ಬಿಯ ಮೇಲೆ ಒಳಗೆ ಇಷ್ಟು ಉಂಟು ಅಂತ ಲೆಕ್ಕ ಬರೆದಿರುತ್ತದೆ. ಪ್ಲೇಯರ್ ಆ ಲೆಕ್ಕ ನಂಬಿ ಮೆಮೊರಿಯಲ್ಲಿ ಜಾಗ ಇಡುತ್ತದೆ. ಮದುವೆ ಮನೆಯವರು ಮುನ್ನೂರು ಎಲೆ ಅಂತ ಹೇಳಿ ಐನೂರು ಜನ ಬಂದ ಹಾಗೆ ಆದರೆ? ಪಂಕ್ತಿ ತುಂಬಿ, ಉಳಿದವರು ಅಡುಗೆ ಮನೆಗೆ ನುಗ್ಗುತ್ತಾರೆ. ಹೆಚ್ಚಿನ ಸಲ ಗಲಾಟೆಯಾಗಿ ಊಟ ನಿಲ್ಲುತ್ತದೆ. ಅದು ಕ್ರ್ಯಾಶ್. ಆದರೆ ನುಗ್ಗಿದವರಲ್ಲಿ ಒಬ್ಬ ಬುದ್ಧಿವಂತ ಸೌಟು ಹಿಡಿದು, ಇನ್ನು ನಾನು ಹೇಳಿದ ಹಾಗೆ ಮಾಡಿ ಅಂತ ಅಡಿಗೆಯವರಿಗೇ ಆರ್ಡರ್ ಕೊಡಲು ಶುರುಮಾಡಿದರೆ, ಅದೇ ಹ್ಯಾಕ್. ಹೀಗೆ ನುಗ್ಗಲು ಬಿಡುವ ದೋಷಕ್ಕೆ ನಾನು ತೂತು ಅನ್ನುತ್ತೇನೆ. ಬಾಗಿಲಲ್ಲೇ ತಲೆ ಎಣಿಸಿ ಒಳಗೆ ಬಿಡುವವನನ್ನು ನಿಲ್ಲಿಸಿದರೆ ತೂತು ಮುಚ್ಚಿದ ಹಾಗೆ.

ಇದು ವಿಡಿಯೋಗೆ ಮಾತ್ರ ಅಂತಲೂ ಅಲ್ಲ. 2017ರ ಮೇ ತಿಂಗಳಲ್ಲಿ ಚೆಕ್ ಪಾಯಿಂಟ್ ಅನ್ನುವ ಸೈಬರ್ ಭದ್ರತಾ ಕಂಪನಿಯವರು ಬರೇ ಸಬ್‌ಟೈಟಲ್ ಫೈಲ್‌ನಿಂದ ಕಂಪ್ಯೂಟರ್ ಕೈಗೆ ತೆಗೆದುಕೊಳ್ಳಬಹುದು ಅಂತ ತೋರಿಸಿದರು. ವಿಎಲ್‌ಸಿ, ಕೋಡಿ, ಪಾಪ್‌ಕಾರ್ನ್ ಟೈಮ್, ಸ್ಟ್ರೀಮಿಯೋ, ನಾಲ್ಕು ಪ್ಲೇಯರ್‌ಗಳಲ್ಲೂ ತೂತು. ವಿಎಲ್‌ಸಿಯವರು ಕೂಡಲೇ ಸರಿಮಾಡಿದ್ದರು. ನನ್ನ 2.2.4 ಅದಕ್ಕೂ ಹಿಂದಿನದು. ಓದುವಾಗ ಬೆನ್ನು ತಣ್ಣಗಾಯಿತು. ಅದೇ ಲ್ಯಾಪ್‌ಟಾಪ್‌ನಲ್ಲಿ ನನ್ನ ಬ್ಯಾಂಕ್ ಲಾಗಿನ್ ಉಂಟು.

ಹಾಗಾದರೆ ವಿಎಲ್‌ಸಿ ಬೇಡವೇ? ನನಗೆ ಹಾಗೆ ಅನ್ನಿಸುವುದಿಲ್ಲ. ಎಡಿಟಿಂಗ್ ಕಂಪ್ಯೂಟರಿನಲ್ಲಿ ಎಂಒವಿ ಅನ್ನುವ ಬಗೆಯ ವಿಡಿಯೋ ಫೈಲ್‌ಗಳಿಗೆ ಅಂತ ಆಪಲ್‌ನ ಕ್ವಿಕ್‌ಟೈಮ್ ಪ್ಲೇಯರ್ ಇಟ್ಟುಕೊಂಡಿದ್ದೆ. ವಿಂಡೋಸ್‌ಗೆ ಅದನ್ನು ಆಪಲ್ 2016ರಲ್ಲೇ ಕೈಬಿಟ್ಟಿತು. ಎರಡು ತೂತು ಸಿಕ್ಕಿದ್ದವು, ಮುಚ್ಚುವವರಿಲ್ಲ. ತೆಗೆದುಬಿಡಿ ಅಂತ ಅಮೆರಿಕ ಸರ್ಕಾರದ ಸೈಬರ್ ಭದ್ರತಾ ತಂಡವೇ ಹೇಳಬೇಕಾಯಿತು. ವಿಎಲ್‌ಸಿ ಹಾಗಲ್ಲ. 1996ರಲ್ಲಿ ಪ್ಯಾರಿಸ್ಸಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಶುರುಮಾಡಿದ್ದು, ಈಗಲೂ ಲಾಭಕ್ಕಲ್ಲದ ಒಂದು ಸಂಸ್ಥೆ ನೋಡಿಕೊಳ್ಳುತ್ತದೆ. 2025ರ ಜನವರಿಯಲ್ಲಿ ಡೌನ್‌ಲೋಡ್ 600 ಕೋಟಿ ದಾಟಿತು ಅಂತ ಹೇಳಿದರು. ಅಷ್ಟು ಜನರ ಮನೆಯಲ್ಲಿದ್ದರೆ ಕಳ್ಳರ ಕಣ್ಣೂ ಜಾಸ್ತಿ, ಹುಡುಕುವ ಒಳ್ಳೆಯವರೂ ಜಾಸ್ತಿ. ಯುರೋಪಿಯನ್ ಯೂನಿಯನ್ ದುಡ್ಡಿನಿಂದ, ತೂತು ತೋರಿಸಿದವರಿಗೆ ಬಹುಮಾನ ಅಂತ ಒಂದು ಯೋಜನೆ ನಡೆಯಿತು. ಅದರ ಫಲವಾಗಿ 2019ರ ಜೂನ್‌ನಲ್ಲಿ ಬಂದ 3.0.7ರಲ್ಲಿ 30ಕ್ಕೂ ಹೆಚ್ಚು ತೂತು ಒಂದೇ ಸಲ ಮುಚ್ಚಿದರು.

ಮರು ತಿಂಗಳೇ ಒಂದು ತಮಾಷೆ ನಡೆಯಿತು. ವಿಎಲ್‌ಸಿಯಲ್ಲಿ ಭಯಂಕರ ತೂತು ಅಂತ ಜರ್ಮನಿಯ ಸರ್ಕಾರಿ ಸಂಸ್ಥೆ ಎಚ್ಚರಿಸಿತು. ಕೂಡಲೇ ಅನ್‌ಇನ್‌ಸ್ಟಾಲ್ ಮಾಡಿ ಅಂತ ಎಲ್ಲಾ ಕಡೆ ಸುದ್ದಿ. ನೋಡಿದರೆ ತೂತು ಇದ್ದದ್ದು ಎಂಕೆವಿ ಬಗೆಯ ವಿಡಿಯೋ ಫೈಲ್ ಓದಲು ಬಳಸುವ, ಬೇರೆಯವರು ಬರೆದ ಒಂದು ಲೈಬ್ರರಿಯಲ್ಲಿ, ಅಂದರೆ ಸಿದ್ಧ ಕೋಡ್‌ನ ಕಂತೆಯಲ್ಲಿ. ಅದನ್ನು ಮುಚ್ಚಿ 16 ತಿಂಗಳು ದಾಟಿತ್ತು. ದೂರು ಕೊಟ್ಟವನು ಪರೀಕ್ಷಿಸಿದ್ದು ಹಳೇ ಉಬುಂಟುವಿನಲ್ಲಿ (ವಿಂಡೋಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್), ಅದರಲ್ಲಿದ್ದ ಲೈಬ್ರರಿಯೂ ಹಳೆಯದು. ಅವನ ರೋಗ, ನನ್ನ ರೋಗ ಒಂದೇ.

ಆ ರೋಸ್ ಆದ ಮೇಲೆ ನಾನು ಹಾಕಿಕೊಂಡದ್ದು 3.0.21. 40 ಎಂಬಿ ಆಸುಪಾಸು, ಅಸಲಿ ಸೈಟಿನಿಂದಲೇ. ಅದೇ ಕೆಟ್ಟ ಫೈಲ್ ಹಾಕಿ ನೋಡಿದೆ. ಹಸಿರು ಚೌಕ ಬಂತು, ಎರಡು ಸೆಕೆಂಡ್ ತಡವರಿಸಿತು, ಮುಂದೆ ಹೋಯಿತು. ಬೀಳಲಿಲ್ಲ. ಹುಡುಗಿ ಕೇಕ್ ಕತ್ತರಿಸುವುದೂ ಕಂಡಿತು. ಐಫೋನ್‌ನ 4ಕೆ ವಿಡಿಯೋ ಮೊದಲು ಎಳೆಎಳೆದು ಓಡುತ್ತಿತ್ತು, ಈಗ ಹಾಲಿನ ಹಾಗೆ ಓಡುತ್ತದೆ.

ದೂರುಗಳಿವೆ. ಮೊದಲನೆಯದು, ಅಪ್‌ಡೇಟ್ ತಾನಾಗಿ ಆಗುವುದಿಲ್ಲ. ವಿಂಡೋಸ್‌ನಲ್ಲಿ ಅದು ಕೇಳುತ್ತದೆ, ನೀವು ಹೂಂ ಅನ್ನಬೇಕು, ಇನ್‌ಸ್ಟಾಲರ್ ಇಳಿಯಬೇಕು, ಪ್ಲೇಯರ್ ಮುಚ್ಚಬೇಕು. ಬ್ರೌಸರ್‌ಗಳು ಎಷ್ಟೋ ವರ್ಷದಿಂದ ಸದ್ದಿಲ್ಲದೆ ಮಾಡುವ ಕೆಲಸ ಇವರಿಗೇಕೆ ಆಗುವುದಿಲ್ಲ? ನನ್ನ ಹಾಗೆ ಬಂದ್ ಮಾಡಿದವನಿಗೆ ತೂತಿನ ಸುದ್ದಿಯೇ ಮುಟ್ಟುವುದಿಲ್ಲ. ಎರಡನೆಯದು ಅವರ ಭದ್ರತಾ ಪ್ರಕಟಣೆಯ ಭಾಷೆ. ತೇಪೆ ಹಾಕುವವರೆಗೆ ಗೊತ್ತಿಲ್ಲದವರ ಫೈಲ್ ತೆರೆಯಬೇಡಿ ಅಂತ ಬರೆಯುತ್ತಾರೆ. ಮಾರಾಯ್ರೆ, ಗೊತ್ತಿಲ್ಲದವರ ಫೈಲ್ ತೆರೆಯುವುದೇ ನನ್ನ ಹೊಟ್ಟೆಪಾಡು! ಮೂರನೆಯದು ಸಣ್ಣದು. ವಿಡಿಯೋ ಶುರುವಾದ ಕೂಡಲೇ ಫೈಲ್ ಹೆಸರು ಪರದೆ ಮೇಲೆ ಬರುತ್ತದೆ. "ಫೈನಲ್ ಫೈನಲ್ 3 ಅತ್ತೆ ಇಲ್ಲದ್ದು" ಅಂತ ಒಂದು ಫೈಲ್ ಮೂಲ್ಕಿಯಲ್ಲಿ ಆ ಅತ್ತೆಯ ಎದುರೇ ಓಡಿತು. ಪ್ರಿಫರೆನ್ಸಸ್‌ನಲ್ಲಿ ಅದನ್ನು ತೆಗೆಯಬಹುದು, ತೆಗೆದುಬಿಡಿ.

ನಾನು ಮಾಡಿಕೊಂಡ ವ್ಯವಸ್ಥೆ ಇಷ್ಟು. ಪೆನ್‌ಡ್ರೈವ್ ಚುಚ್ಚಲು ಒಂದು ಹಳೇ ಲ್ಯಾಪ್‌ಟಾಪ್ ಬೇರೆ ಇಟ್ಟಿದ್ದೇನೆ. ಅದರಲ್ಲಿ ಬ್ಯಾಂಕ್ ಇಲ್ಲ, ಮೇಲ್ ಇಲ್ಲ. ಲಾಗಿನ್ ಆಗುವುದೂ ಅಡ್ಮಿನ್ ಅಧಿಕಾರ ಇಲ್ಲದ ಅಕೌಂಟಿನಲ್ಲಿ, ಯಾಕೆಂದರೆ ಒಳಗೆ ನುಗ್ಗಿದವನಿಗೆ ಸಿಗುವುದು ನಮಗಿದ್ದಷ್ಟೇ ಅಧಿಕಾರ. ಫೈಲನ್ನು ಅಲ್ಲೇ ಹೊಸದಾಗಿ ಕನ್ವರ್ಟ್ ಮಾಡಿ, ಆ ಕಾಪಿ ಮಾತ್ರ ಶೋ ಲ್ಯಾಪ್‌ಟಾಪ್‌ಗೆ ಹಾಕುತ್ತೇನೆ. ಅಪ್‌ಡೇಟ್ ನೋಡುವುದು ಪ್ರತಿ ತಿಂಗಳ ಸಂಕ್ರಮಣಕ್ಕೆ. ಅಮ್ಮ ದೈವಕ್ಕೆ ಹೂ-ನೀರು ಇಡುವ ಹೊತ್ತಿಗೆ ನಾನು ಹೆಲ್ಪ್ ಮೆನು ತೆರೆಯುತ್ತೇನೆ. ಮರೆಯಲಿಕ್ಕೆ ಅಮ್ಮ ಬಿಡುವುದಿಲ್ಲ.

ಐದರಲ್ಲಿ ನಾಲ್ಕು ಸ್ಟಾರ್. ತಾನಾಗಿ ಅಪ್‌ಡೇಟ್ ಆದ ದಿನ ಐದನೆಯದು.

ಹಂಪನಕಟ್ಟೆಯ ಅಂಗಡಿಗೂ ಜನವರಿಯಲ್ಲಿ ಹೋಗಿದ್ದೆ. ಜಗಳ ಮಾಡಲಿಲ್ಲ. ಹೊಸ ಇನ್‌ಸ್ಟಾಲರನ್ನು ನಾನೇ ಅವರ ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಹಳೆಯದನ್ನು ತೆಗೆಯಿರಿ ಅಂದೆ. "ಆಯ್ತು ಅಣ್ಣ" ಅಂದರು. ಮೊನ್ನೆ ನನ್ನ ಜೊತೆ ಸೌಂಡ್ ಹಾಕುವ ಹುಡುಗ ಅಲ್ಲಿಂದಲೇ ಲ್ಯಾಪ್‌ಟಾಪ್ ರಿಪೇರಿ ಮಾಡಿಸಿ ತಂದ. ಸುಮ್ನೆ ಅಬೌಟ್ ಒತ್ತಿ ನೋಡಿದೆ. 2.2.4, ವೆದರ್‌ವ್ಯಾಕ್ಸ್.