ಹತ್ತಿ ಬಿಟ್ಟು ಬೇರೆ ಬಟ್ಟೆಯಲ್ಲಿ ಕೌದಿ: ಲಿನನ್, ರೇಷ್ಮೆ, ಸ್ಯಾಟಿನ್, ಉಣ್ಣೆ, ಫ್ಲೀಸ್

ಕೌದಿ ಹೊಲಿಯುವವರು ಹತ್ತಿಯನ್ನು ಸುಮ್ನೆ ಹಚ್ಚಿಕೊಂಡಿಲ್ಲ. ಅದು ಹೇಳಿದ ಮಾತು ಕೇಳುತ್ತದೆ. ಕತ್ತರಿಸಿದ ಅಳತೆಯಲ್ಲೇ ನಿಲ್ಲುತ್ತದೆ, ಇಸ್ತ್ರಿ ಒತ್ತಿದರೆ ಮಡಿಕೆ ಕೂರುತ್ತದೆ. ಬೇರೆ ಬಟ್ಟೆಗಳು ಇದರಲ್ಲಿ ಎಷ್ಟು ಮಾಡುತ್ತವೆ ಅಂತ ನೋಡಲು ಒಂದೇ ಬ್ಲಾಕನ್ನು (ಚೂರುಗಳನ್ನು ಜೋಡಿಸಿ ಹೊಲಿದ ಒಂದು ದೊಡ್ಡ ಚೌಕ) ಬೇರೆ ಬೇರೆ ಬಟ್ಟೆಯಲ್ಲಿ ಹೊಲಿದೆ. 2.5 ಇಂಚಿನ 9 ಚೌಕ, ಹೊಲಿಗೆಗೆ ಕಾಲಿಂಚು. ಸರಿಯಾಗಿ ಬಂದರೆ ಬ್ಲಾಕ್ 6.5 ಇಂಚು ಇರಬೇಕು. ನನಗೆ ಕಂಡಿದ್ದು ಇಷ್ಟು: ಬಟ್ಟೆಯ ಬಣ್ಣ ಬಯಲಾಗುವುದು ಸೂಜಿಯ ಕೆಳಗಲ್ಲ, ಇಸ್ತ್ರಿಪೆಟ್ಟಿಗೆಯ ಕೆಳಗೆ.

ಹತ್ತಿಗೆ ಹತ್ತಿರದ್ದು ಲಿನನ್. ಇಸ್ತ್ರಿಪೆಟ್ಟಿಗೆಯ ಮೂರು ಚುಕ್ಕೆಯ ಶಾಖವನ್ನೂ ತಡೆಯುತ್ತದೆ, ಹೊಲಿಗೆ ಚಪ್ಪಟೆಯಾಗಿ ಕೂರುತ್ತದೆ. ತೊಂದರೆ ಇರುವುದು ಕತ್ತರಿಸುವಾಗ. ನೇಯ್ಗೆ ಸಡಿಲ ಇದ್ದರೆ ಚೌಕ ಓರೆಯಾಗುತ್ತದೆ, ಅಂಚಿನಿಂದ ಎಳೆ ಬಿಚ್ಚುತ್ತಲೇ ಇರುತ್ತದೆ. ಮೊದಲು ಒಗೆದು (ಮೊದಲ ಒಗೆತದಲ್ಲೇ ಚೆನ್ನಾಗಿ ಕುಗ್ಗುತ್ತದೆ), ಗಂಜಿ ಹಾಕಿ ಇಸ್ತ್ರಿ ಮಾಡಿ, ಆಮೇಲೆ ಕತ್ತರಿ ಹಿಡಿದರೆ ಅರ್ಧ ಗೋಳು ತಪ್ಪುತ್ತದೆ. ಕಾಲಿಂಚಿನ ಬದಲು ಸ್ವಲ್ಪ ಜಾಸ್ತಿ ಅಂಚು ಬಿಡಿ. ಸುಕ್ಕು ಕಂಡರೆ ಆಗದವರಿಗೆ ಇದು ಬೇಡ. ನನಗೆ ಆ ಸುಕ್ಕೇ ಇಷ್ಟ.

ರೇಷ್ಮೆ ಬೇರೆಯೇ ಕಥೆ. ತೆಳು ರೇಷ್ಮೆಯನ್ನು ಹಾಗೇ ಕತ್ತರಿಸಿದರೆ ಕೈಯಲ್ಲೇ ಜಾರುತ್ತದೆ. ಹಿಂಬದಿಗೆ ತೆಳ್ಳನೆಯ ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಒಳಬಟ್ಟೆ) ಅಂಟಿಸಿ ಆಮೇಲೆ ಕತ್ತರಿಸಿದೆ. ಹೆಚ್ಚುಕಮ್ಮಿ ಹತ್ತಿಯ ಹಾಗೇ ನಡೆದುಕೊಂಡಿತು, ಬ್ಲಾಕ್ ಅಳತೆಗೆ ಸರಿಯಾಗಿ ಬಂತು. ಸೂಜಿ ಮಾತ್ರ ಹೊಸದೇ ಬೇಕು, 9 ಅಥವಾ 11 ನಂಬರಿನದು. ಮೊಂಡು ಸೂಜಿ ಒಂದು ಎಳೆಯನ್ನು ಹಿಡಿದು ಎಳೆದರೆ ಬಟ್ಟೆಯ ಅಡ್ಡಕ್ಕೂ ಗೀರು ಬೀಳುತ್ತದೆ. ಬಿಚ್ಚಿ ಹೊಲಿಯೋಣ ಅಂದರೆ ಹಳೇ ತೂತು ಹಾಗೇ ಉಳಿಯುತ್ತದೆ. ಅದಕ್ಕೇ ಗುಂಡುಸೂಜಿಯನ್ನೂ ಹೊಲಿಗೆಗೆ ಬಿಟ್ಟ ಅಂಚಿನೊಳಗೇ ಚುಚ್ಚಬೇಕು. ಇಸ್ತ್ರಿಯಲ್ಲಿ ನೀರು ಚಿಮುಕಿಸಬೇಡಿ, ಕಲೆ ಕೂರಬಹುದು.

ಇಷ್ಟೆಲ್ಲ ಕಾಟ ಯಾಕೆ ತಡೆದುಕೊಳ್ಳಬೇಕು ಅಂದರೆ ಹೊಳಪಿಗೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ರೇಷ್ಮೆ ತೆಗೆದುಕೊಳ್ಳಿ. ಒಂದೇ ತುಂಡಿನಿಂದ 9 ಚೌಕ ಕತ್ತರಿಸಿ, ಒಂದು ಬಿಟ್ಟು ಒಂದನ್ನು ಅಡ್ಡ ತಿರುಗಿಸಿ ಜೋಡಿಸಿ. ಎರಡು ಬೇರೆ ಬಟ್ಟೆ ಹಾಕಿದ ಹಾಗೆ ಕಾಣುತ್ತದೆ. ಮಗ್ಗುಲಿಗೆ ಸರಿದು ನೋಡಿದರೆ ನೆರಳು ಅದಲು ಬದಲು! ಹತ್ತಿಯಲ್ಲಿ ಈ ಆಟ ಇಷ್ಟು ಎದ್ದು ಕಾಣುವುದಿಲ್ಲ. ಆದರೆ ಬಿಸಿಲಿಗೆ ರೇಷ್ಮೆಯ ಬಣ್ಣವೂ ಹೋಗುತ್ತದೆ, ಎಳೆಯೂ ಸೋಲುತ್ತದೆ. ದಿನಾ ಹೊದೆಯುವುದಕ್ಕಲ್ಲ, ದಿಂಬಿಗೆ ಅಥವಾ ಕಿಟಕಿಯಿಂದ ದೂರದ ಗೋಡೆಗೆ.

ಪಾಲಿಯೆಸ್ಟರ್ ಸ್ಯಾಟಿನ್ ದೂರದಿಂದ ರೇಷ್ಮೆಯೇ. ಹತ್ತಿರ ಹೋದರೆ ರೇಗುತ್ತದೆ. ಫ್ಯೂಸಿಂಗ್ ಅಂಟಲು ಬೇಕಾದ ಶಾಖಕ್ಕೆ ಬಟ್ಟೆ ಮುದುಡಲು ಶುರುವಾಯಿತು. ಶಾಖ ಇಳಿಸಿದರೆ ಫ್ಯೂಸಿಂಗ್ ಬಿಟ್ಟುಕೊಂಡಿತು. ಹೊಲಿಗೆ ಎಷ್ಟು ಒತ್ತಿದರೂ ಉಬ್ಬಿಯೇ ಇತ್ತು. ಬ್ಲಾಕ್ 6.5 ಇಂಚು ಮುಟ್ಟಲಿಲ್ಲ, ಅಂಚು ಅಲೆಅಲೆಯಾಗಿ ನಿಂತಿತು. ಅಚ್ಚುಕಟ್ಟಾದ ಚೌಕಗಳಿಗೆ ಇದನ್ನು ಮುಟ್ಟಲೇಬೇಡಿ. ಹತ್ತಿಯ ಅಡಿಬಟ್ಟೆಯ ಮೇಲೆ ಅಡ್ಡಾದಿಡ್ಡಿ ತುಂಡುಗಳನ್ನಿಟ್ಟು ಹೊಲಿಯುವ ಕ್ರೇಜಿ ಪ್ಯಾಚ್‌ವರ್ಕಿಗೆ ಮಾತ್ರ ನಡೆಯುತ್ತದೆ. ರೇಷ್ಮೆಯೋ ಪಾಲಿಯೆಸ್ಟರೋ ಅನ್ನುವ ಅನುಮಾನ ಇದ್ದರೆ ಎರಡು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸುಡಿ, ಪಕ್ಕದಲ್ಲಿ ನೀರಿರಲಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬಿಟ್ಟು ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆರುವ ಮೊದಲು ಯಾವುದನ್ನೂ ಮುಟ್ಟಬೇಡಿ.

ಉಣ್ಣೆಯಲ್ಲಿ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಫೆಲ್ಟ್‌ನ ಹಾಗೆ ಒತ್ತಾಗಿ ಗಟ್ಟಿಯಾದದ್ದು ಸಿಕ್ಕರೆ ಅಂಚು ಮಡಿಸುವ ಕೆಲಸವೇ ಇಲ್ಲ, ಎಳೆ ಬಿಚ್ಚುವುದಿಲ್ಲ. ಹೂವು, ಎಲೆ ಕತ್ತರಿಸಿ ಕೈಯಲ್ಲೇ ಹಚ್ಚಿ ಹೊಲಿಯಲು ಇದಕ್ಕಿಂತ ಸುಲಭದ್ದು ಇಲ್ಲ. ಚೌಕ ಜೋಡಿಸಲು ಹೋದರೆ ಮಾತ್ರ ಮೂಲೆಗಳಲ್ಲಿ ಗಂಟು ಕಟ್ಟಿದಂತೆ ದಪ್ಪ. ಬಿಸಿನೀರಲ್ಲಿ ಒಗೆದರೆ ಕುಗ್ಗುತ್ತದೆ, ನುಸಿಯ ಕಾಟವೂ ಇದೆ.

ಫ್ಲೀಸ್ ಅಂದರೆ ತುಪ್ಪಳದಂಥ ಮೆತ್ತನೆಯ ಪಾಲಿಯೆಸ್ಟರ್ ಬಟ್ಟೆ. ಅದನ್ನು ಚೂರು ಮಾಡಬೇಡಿ, ಹಿಂಬದಿಗೆ ಇಡಿಯಾಗಿ ಹಾಕಿ. ಬ್ಯಾಟಿಂಗ್ (ಕೌದಿಯ ನಡುವೆ ಹಾಕುವ ಮೆತ್ತನೆಯ ಪದರ) ಇಲ್ಲದೆಯೂ ಬೆಚ್ಚಗಿರುತ್ತದೆ. ಎಳೆದರೆ ಹಿಗ್ಗುವುದರಿಂದ ಹೊಲಿಗೆ ಯಂತ್ರಕ್ಕೆ ವಾಕಿಂಗ್ ಫುಟ್ (ಮೇಲಿನ, ಕೆಳಗಿನ ಪದರ ಎರಡನ್ನೂ ಒಟ್ಟಿಗೆ ಸರಿಸುವ ಪಾದ) ಹಾಕಿ, ಹೊಲಿಗೆಯ ಉದ್ದ 3 ಮಿಲಿಮೀಟರ್‌ಗೆ ಏರಿಸಿ. ನಾನು ಈಗ ಜಾಸ್ತಿ ಹೊಲಿಯುವುದು ಮೇಲೆ ಲಿನನ್, ಕೆಳಗೆ ಫ್ಲೀಸ್ ಜೋಡಿ. ಒಂದೇ ಎಚ್ಚರ: ಲಿನನ್‌ನ ಇಸ್ತ್ರಿ ಪೂರ್ತಿ ಮುಗಿಸಿದ ಮೇಲೆಯೇ ಫ್ಲೀಸ್ ಸೇರಿಸಬೇಕು. ಲಿನನ್‌ಗೆ ಬೇಕಾದ ಶಾಖವನ್ನು ಆಮೇಲೆ ಕೊಟ್ಟರೆ ಹಿಂದಿನ ತುಪ್ಪಳ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ಮತ್ತೆ ಏಳುವುದಿಲ್ಲ.