ಮೆಟಾರೈಜಿಯಂ ಪುಡಿ: ಗೊಣ್ಣೆಗೆ ಸೈ, ಗೆದ್ದಲಿಗೆ ಅಷ್ಟಕ್ಕಷ್ಟೇ

ಭಾಲ್ಕಿ, ಹುಮನಾಬಾದ್ ಕಡೆ ಗೊಬ್ಬರದ ಅಂಗಡಿಯಲ್ಲಿ ಮೆಟಾರೈಜಿಯಂ ಎಂಬ ಶಿಲೀಂಧ್ರದ ಈ ಪುಡಿ ಕೇಳಿದರೆ ‘ಕಬ್ಬಿನ ಬೇರು ತಿನ್ನೋ ಯಾವ ಹುಳಕ್ಕೂ ನಡೀತದ’ ಅಂತ ಕೊಡುವವರಿದ್ದಾರೆ. ಮಾತು ಅರ್ಧ ನಿಜ.

ದುಡ್ಡು ಕೊಡುವ ಮುಂಚೆ ಒಣಗಿದ ಕಬ್ಬನ್ನು ಬುಡ ಹಿಡಿದು ಜಗ್ಗಿ. ಬೇರಿಲ್ಲದೆ ಸಲೀಸಾಗಿ ಕಿತ್ತು ಬಂದು, ಕೆಳಗಿನ ಮಣ್ಣಲ್ಲಿ ಕಂದು ತಲೆಯ, ಮುದುಡಿ ಮಲಗಿದ ಬಿಳಿ ಹುಳ ಸಿಕ್ಕರೆ ಗೊಣ್ಣೆ. ಗಣಿಕೆ ಸೀಳಿದಾಗ ತಿರುಳಿನ ಜಾಗದಲ್ಲಿ ಮಣ್ಣು ತುಂಬಿದ್ದರೆ ಗೆದ್ದಲು. ನೆಟ್ಟ ತುಂಡು ಮೊಳೆಯದಿದ್ದರೆ ಕೊಯ್ದ ತುದಿ ನೋಡಿ, ಗೆದ್ದಲು ಹೊಗುವುದು ಅಲ್ಲಿಂದ.

ಪುಡಿಯಲ್ಲಿರುವುದು ಜೀವಂತ ಶಿಲೀಂಧ್ರ. ಅದರ ಬೀಜಕ ಹುಳದ ಚರ್ಮಕ್ಕೆ ಅಂಟಿ, ಮೊಳೆತು, ಒಳಹೊಕ್ಕು ಕೊಲ್ಲಬೇಕು. ಎರಡು ಮೂರು ವಾರ ಕಾಯಬೇಕು. ಸತ್ತ ಗೊಣ್ಣೆ ಬಿರುಸಾಗಿ, ಬಿಳಿ ಬೂಷ್ಟು ಹಿಡಿದು, ಆಮೇಲೆ ಪಾಚಿಯಂತೆ ಹಸಿರಾಗುತ್ತದೆ. ಅಂಥ ನಾಲ್ಕು ಹುಳ ಕಂಡರೆ ಪುಡಿ ಕೆಲಸ ಮಾಡಿದೆ ಅಂತಲೇ.

ರೋಹಿಣಿ, ಮಿರಗದ ಮಳೆ ಬಿದ್ದ ಸಂಜೆ ಗೊಣ್ಣೆಯ ತಾಯಿ ದುಂಬಿಗಳು ಬೇವು, ಜಾಲಿಗೆ ಮುತ್ತುತ್ತವೆ. ಮಣ್ಣಲ್ಲಿಟ್ಟ ಮೊಟ್ಟೆ ಒಂದೆರಡು ವಾರದಲ್ಲಿ ಒಡೆದು ಮರಿ ಹೊರಬರುತ್ತದೆ. ಪುಡಿಯ ಏಟು ಬೀಳಬೇಕಾದ್ದು ಆ ಮರಿಗೆ, ಜೂನ್ ಕೊನೆ ಇಲ್ಲವೇ ಜುಲೈನಲ್ಲಿ. ಎಕರೆಗೆ 4–5 ಕೆ.ಜಿ. ಪುಡಿಯನ್ನು 2 ಕ್ವಿಂಟಲ್ ಕಳಿತ ತಿಪ್ಪೆಗೊಬ್ಬರಕ್ಕೆ ಕಲಸಿ, ನೀರು ಚಿಮುಕಿಸಿ, ನೆರಳಲ್ಲಿ ಹಸಿ ಗೋಣಿ ಹೊದಿಸಿ ವಾರವಿಡಿ. ಸಂಜೆ ಹೊತ್ತು, ತೇವವಿದ್ದ ಮಣ್ಣಲ್ಲಿ, ಬುಡಕ್ಕೆ ಹಾಕಿ ಮಣ್ಣೇರಿಸಿ. ಹಸಿ ಸಗಣಿ ಮಾತ್ರ ಬೇಡ, ಅದು ಹುಳವನ್ನೇ ಕರೆದಂತೆ. ಸೆಪ್ಟೆಂಬರ್‌ನಲ್ಲಿ ಕಬ್ಬು ಹಳದಿಯಾದ ಮೇಲೆ ಹಾಕಿ ‘ಫಲ ಇಲ್ಲ’ ಎನ್ನುವವರೇ ಜಾಸ್ತಿ. ಬಲಿತ ಹುಳ ಅಷ್ಟು ಬೇಗ ಸಾಯದು, ಬೇರೂ ಅಷ್ಟರಲ್ಲಿ ಮುಗಿದಿರುತ್ತದೆ.

ಗೆದ್ದಲಿನ ಲೆಕ್ಕ ಬೇರೆ. ಅವು ಒಂದನ್ನೊಂದು ನೆಕ್ಕಿ ಬೀಜಕ ತೆಗೆಯುತ್ತವೆ, ಸೋಂಕಿನ ಹೆಣವನ್ನು ಹೂತೇ ಬಿಡುತ್ತವೆ. ರಾಣಿ ಇರುವುದು ಗೂಡಿನ ಆಳದಲ್ಲಿ. ಮೇಲಾಗಿ ಗೆದ್ದಲಿನ ಕಾಟ ಒಣ ಹೊಲದಲ್ಲಿ, ಶಿಲೀಂಧ್ರಕ್ಕೆ ಬೇಕಾದ್ದು ತೇವ. ನಾಟಿಗೆ ಮುಂಚೆ ಹಳೆ ಕೂಳೆ, ರವದಿ (ಒಣಗಿದ ಗರಿ) ಆಯ್ದು ತೆಗೆದು ಹೊತ್ತಿಗೆ ಸರಿಯಾಗಿ ನೀರು ಕೊಡುವುದೇ ಈ ಪುಡಿಗಿಂತ ಮೇಲು.

ಪ್ಯಾಕೆಟ್ ಮೇಲಿನ ತಾರೀಖು ನೋಡಿ. ನಮ್ಮ ಮೇ ತಿಂಗಳ ಬಿಸಿಲಿಗೆ ತಗಡಿನ ಶೆಡ್ಡಿನಲ್ಲಿಟ್ಟ ಪುಡಿಯಲ್ಲಿ ಜೀವ ಉಳಿಯುವುದು ಕಷ್ಟ. ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕದ ಜೊತೆಗಂತೂ ಬೆರೆಸಲೇಬೇಡಿ.